ಎಲ್‌ಎಲ್‌ಎಂ ಆಯ್ತು, ಪಾಠ ಮಾಡೋದು ಎಲ್ಲಿ?

ಮದುವೆ ಮನೆಯಲ್ಲಿ ಯಾರಾದರೂ ಸಿಕ್ಕಿ ‘ಏನು ಮಾಡ್ಕೊಂಡಿದ್ದೀರಿ?’ ಎಂದು ಕೇಳಿದರೆ ‘ಲಾ ಕಾಲೇಜಲ್ಲಿ ಪಾಠ ಮಾಡ್ತೀನಿ’ ಅನ್ನುತ್ತೇನೆ. ಅದಕ್ಕೆ ಬರುವ ಪ್ರಶ್ನೆ ಹದಿಮೂರು ವರ್ಷದಿಂದ ಬದಲಾಗಿಲ್ಲ. ‘ಹಾಗಾದ್ರೆ ಕೋರ್ಟಿಗೆ ಹೋಗಲ್ವಾ?’ ಹೋಗಲ್ಲ ಎಂದರೆ ಮುಖದಲ್ಲಿ ಒಂಚೂರು ಕನಿಕರ ಕಾಣುತ್ತದೆ. ಆಮೇಲೆ ಊಟದ ಪಂಕ್ತಿಯಲ್ಲಿ ಪಕ್ಕಕ್ಕೇ ಬಂದು ಕೂತು, ಹೋಳಿಗೆ ಬಡಿಸುವ ಹೊತ್ತಿಗೆ ಸೈಟಿನ ತಕರಾರು ಶುರು ಮಾಡಿರುತ್ತಾರೆ.

‘ಕೋರ್ಟೋ ಕಾಲೇಜೋ’ ಎಂದು ಎಲ್ಲರೂ ಕೇಳುತ್ತಾರೆ. ಎಲ್‌ಎಲ್‌ಎಂ, ಅಂದರೆ ಕಾನೂನಿನ ಸ್ನಾತಕೋತ್ತರ ಪದವಿ, ಮುಗಿಸಿದ ಹಳೆಯ ವಿದ್ಯಾರ್ಥಿಗಳು ನನಗೆ ಫೋನ್ ಮಾಡುವುದೂ ಅದಕ್ಕೇ. ಆದರೆ ಅದಕ್ಕಿಂತ ಕಷ್ಟದ ಪ್ರಶ್ನೆ ಅದರ ಹಿಂದೆ ಕೂತಿದೆ. ಕಾಲೇಜು ಅಂತ ಗಟ್ಟಿ ಮಾಡಿದರೆ, ಯಾವ ಥರದ ಕಾಲೇಜು? ಜಿಲ್ಲಾ ಕೇಂದ್ರದ ಖಾಸಗಿ ಕಾಲೇಜು, ಹಳೆಯ ಅನುದಾನಿತ ಕಾಲೇಜು, ಸರ್ಕಾರಿ ಕಾಲೇಜು, ಬೆಂಗಳೂರಿನ ಖಾಸಗಿ ವಿಶ್ವವಿದ್ಯಾಲಯ, ನಾಗರಭಾವಿಯ ನ್ಯಾಷನಲ್ ಲಾ ಸ್ಕೂಲ್. ಎಲ್ಲ ಕಡೆಯೂ ನಿಮ್ಮ ಬಾಗಿಲ ಮೇಲಿನ ಬೋರ್ಡು ‘ಸಹಾಯಕ ಪ್ರಾಧ್ಯಾಪಕ’ ಎಂದೇ. ಒಳಗಿನ ದಿನಚರಿಗೆ ಮಾತ್ರ ಒಂದಕ್ಕೊಂದು ಸಂಬಂಧವಿಲ್ಲ.

ಇವುಗಳಲ್ಲಿ ಆರಿಸಿಕೊಳ್ಳುವಾಗ ಜನ ಸಂಬಳ ನೋಡುತ್ತಾರೆ, ಊರು ನೋಡುತ್ತಾರೆ, ಕಟ್ಟಡವನ್ನೂ ನೋಡುತ್ತಾರೆ. ನನ್ನ ಅಳತೆಗೋಲು ಬೇರೆ.

ಸಂಬಳಕ್ಕಿಂತ ಮೊದಲು ಪೇಪರ್ ಎಣಿಸಿ

ನಮ್ಮಲ್ಲಿ ಪೇಪರ್ ಎಂದರೆ ವಿಷಯ. ಕಾಂಟ್ರ್ಯಾಕ್ಟ್ ಒಂದು ಪೇಪರ್, ಫ್ಯಾಮಿಲಿ ಲಾ ಒಂದು ಪೇಪರ್. ನಾನು 2012ರಲ್ಲಿ ಸೇರಿದ ಮೊದಲ ಕಾಲೇಜಿನಲ್ಲಿ ಈ ಎರಡನ್ನೂ ಕೊಟ್ಟಿದ್ದರು. ಸೆಮಿಸ್ಟರ್ ಶುರುವಾಗಲು ಒಂದು ವಾರ ಇದ್ದಾಗ ಲ್ಯಾಂಡ್ ಲಾ ಹೇಳುತ್ತಿದ್ದವರು ಕೆಲಸ ಬಿಟ್ಟರು. ಅದೂ ನನ್ನ ತಲೆಗೇ ಬಂತು. ಹಗಲು ಪಾಠ. ರಾತ್ರಿ ಭೂಸುಧಾರಣಾ ಕಾಯ್ದೆ, ಭೂಕಂದಾಯ ಕಾಯ್ದೆ. ಒಂದು ಗಂಟೆಯ ಕ್ಲಾಸಿಗೆ ಮನೆಯಲ್ಲಿ ನಾಲ್ಕು ಗಂಟೆ ಓದು. ಆ ವರ್ಷ ನಾನು ವಿದ್ಯಾರ್ಥಿಗಳಿಗಿಂತ ಒಂದೇ ಒಂದು ಅಧ್ಯಾಯ ಮುಂದಿದ್ದೆ. ಕೆಲವು ವಾರ ಅದೂ ಇರಲಿಲ್ಲ.

ಎರಡನೇ ವರ್ಷ ಅದೇ ಪೇಪರ್ ಹೇಳುವಾಗ ಓದು ಒಂದು ಗಂಟೆಗೆ ಇಳಿಯುತ್ತದೆ. ಮೂರನೇ ವರ್ಷ ಓದಿದ್ದರ ಬಗ್ಗೆ ಯೋಚನೆ ಮಾಡಲು ಶುರುವಾಗುತ್ತದೆ. ‘ಈ ತೀರ್ಪು ಹೀಗೆ ಯಾಕೆ ಬಂತು, ಇದರಲ್ಲಿ ಎಲ್ಲೋ ಎಡವಟ್ಟಿದೆಯಲ್ಲ’ ಅನ್ನಿಸುವುದು ಮೂರನೇ ಸಲದ ಪಾಠದಲ್ಲಿ. ಲೇಖನ ಹುಟ್ಟುವುದು, ಪಿಎಚ್‌ಡಿ ವಿಷಯ ಹೊಳೆಯುವುದು, ವಿದ್ಯಾರ್ಥಿ ಕೇಳಿದ ಅಡ್ಡ ಪ್ರಶ್ನೆಗೆ ಖುಷಿಯಾಗುವುದು ಎಲ್ಲವೂ ಅಲ್ಲಿಂದ ಮುಂದೆ. ಸೆಮಿಸ್ಟರ್‌ಗೊಂದು ಹೊಸ ಪೇಪರ್ ಕೈಗಿಡುವ ಕಾಲೇಜಿನಲ್ಲಿ ಎಷ್ಟು ವರ್ಷ ಇದ್ದರೂ ಆ ಮೂರನೇ ಸಲ ಬರುವುದೇ ಇಲ್ಲ. ಹಾಗಾಗಿ ನನ್ನ ಲೆಕ್ಕ ಇದು: ಎಲ್ಲಿ ಮೂರನೇ ಸಲ ಬೇಗ ಸಿಗುತ್ತದೋ ಅದು ಒಳ್ಳೆಯ ಜಾಗ.

ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮದಲ್ಲಿ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ನೇರ ಪಾಠ, ಮೇಲಿನವರಿಗೆ 14. ವಾರಕ್ಕೆ ಐದು ಗಂಟೆಯಂತೆ ಹಿಡಿದರೆ ಮೂರು ಪೇಪರ್ ಆಯಿತು. ಸಂದರ್ಶನದಲ್ಲಿ ‘ನಾಲ್ಕು ಪೇಪರ್ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ’ ಎಂದರೆ, ಆ ‘ಸ್ವಲ್ಪ’ ಎಷ್ಟು ಅಂತ ಈಗ ನಿಮಗೆ ಗೊತ್ತು.

ಹಾಗಂತ ಮೂರನೇ ಸಲ ಬಂದರೆ ನೋಟ್ಸು ಜೀವನಪೂರ್ತಿ ಬಾಳುತ್ತದೆ ಎಂದೇನೂ ಅಲ್ಲ. 2024ರ ಜುಲೈ 1ಕ್ಕೆ ಐಪಿಸಿ (ದಂಡ ಸಂಹಿತೆ), ಸಿಆರ್‌ಪಿಸಿ (ದಂಡ ಪ್ರಕ್ರಿಯಾ ಸಂಹಿತೆ), ಸಾಕ್ಷ್ಯ ಕಾಯ್ದೆ ಮೂರೂ ಒಂದೇ ದಿನ ಹೋದವು. 511 ಕಲಂಗಳ ಐಪಿಸಿ ಇದ್ದ ಜಾಗಕ್ಕೆ 358 ಕಲಂಗಳ ಭಾರತೀಯ ನ್ಯಾಯ ಸಂಹಿತೆ ಬಂತು. ತತ್ವ ಬಹುಪಾಲು ಹಳೆಯದೇ, ನಂಬರ್ ಹೊಸದು. ಎಲ್ಲಕ್ಕಿಂತ ಕಾಡಿದ್ದು 482. ಹಳೆಯ ಸಿಆರ್‌ಪಿಸಿಯಲ್ಲಿ 482 ಎಂದರೆ ಹೈಕೋರ್ಟಿಗೆ ಹೋಗಿ ಕೇಸು ರದ್ದು ಮಾಡಿಸುವ ದಾರಿ. ಹೊಸ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 482 ಎಂದರೆ ನಿರೀಕ್ಷಣಾ ಜಾಮೀನು, ಅಂದರೆ ಹಳೆಯ 438. ರದ್ದತಿ 528ಕ್ಕೆ ಹೋಗಿ ಕೂತಿದೆ. ಬೋರ್ಡಿನ ನಡುವೆ ಗೆರೆ ಎಳೆದು ಎಡಕ್ಕೆ ಹಳೆಯದು, ಬಲಕ್ಕೆ ಹೊಸದು ಬರೆದೇ ಪಾಠ ಮಾಡಿದೆವು. ಹಳೆಯದನ್ನು ಬಿಡುವ ಹಾಗೂ ಇಲ್ಲ. ಜುಲೈಗಿಂತ ಮುಂಚೆ ನಡೆದ ಅಪರಾಧಕ್ಕೆ ಹಳೆಯ ಐಪಿಸಿಯೇ ಲಾಗೂ. ನಾಲ್ಕೈದು ಪೇಪರ್ ಹೊತ್ತಿದ್ದವರು ಆ ವರ್ಷ ಏನು ಮಾಡಿರಬಹುದು, ಯೋಚಿಸಿ.

ಯಾವ ಬಾಗಿಲಿಗೆ ಹೋದರೂ ಬೇಕಾಗುವುದು

ಇದನ್ನು ಬೇಗ ಹೇಳಿ ಮುಗಿಸುತ್ತೇನೆ. ಎಲ್‌ಎಲ್‌ಎಂನಲ್ಲಿ ಶೇ 55, ಮೀಸಲಾತಿ ಇರುವವರಿಗೆ ಶೇ 50. ಜೊತೆಗೆ ರಾಷ್ಟ್ರೀಯ ಅರ್ಹತಾ ಪರೀಕ್ಷೆ ನೆಟ್, ಇಲ್ಲವೇ ರಾಜ್ಯ ಮಟ್ಟದ ಕೆ-ಸೆಟ್. ನೆಟ್ ವರ್ಷಕ್ಕೆ ಎರಡು ಸಲ. ಮೊದಲ ಪತ್ರಿಕೆಯಲ್ಲಿ 50 ಪ್ರಶ್ನೆ, ಕಾನೂನಿನ ಪತ್ರಿಕೆಯಲ್ಲಿ 100, ಒಟ್ಟು ಮೂರು ಗಂಟೆ, 300 ಅಂಕ. ತಪ್ಪಿಗೆ ಅಂಕ ಕಡಿತ ಇಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬೇಡಿ. ಕಾನೂನಿನ ಪಠ್ಯ ಹತ್ತು ಘಟಕ. ನ್ಯಾಯಶಾಸ್ತ್ರದಿಂದ ಹಿಡಿದು ಬೌದ್ಧಿಕ ಆಸ್ತಿಯವರೆಗೆ ಎಲ್ಲ ಇದೆ. ನಾನು ಮೂರನೇ ಸಲಕ್ಕೆ ಪಾಸಾದೆ. ಎರಡು ಸಲ ಕೈಕೊಟ್ಟದ್ದು ಕಾನೂನಲ್ಲ, ಮೊದಲ ಪತ್ರಿಕೆಯ ಲೆಕ್ಕ ಮತ್ತು ತರ್ಕ. ಲಾಯರ್ ಬುದ್ಧಿಯವರು ಅದನ್ನು ಸಸಾರ ಮಾಡುತ್ತಾರೆ.

ಕೆ-ಸೆಟ್ ಅನ್ನು ಮೊದಲು ಮೈಸೂರು ವಿಶ್ವವಿದ್ಯಾಲಯ ನಡೆಸುತ್ತಿತ್ತು, ಈಗ ಕರ್ನಾಟಕ ಪರೀಕ್ಷಾ ಪ್ರಾಧಿಕಾರ ನಡೆಸುತ್ತದೆ. ಅದು ಕರ್ನಾಟಕದೊಳಗೆ ಮಾತ್ರ ನಡೆಯುವ ನಾಣ್ಯ. ಇಲ್ಲೇ ಇರುವವರಿಗೆ ಅಷ್ಟು ಸಾಕು.

ಪಿಎಚ್‌ಡಿ? 2023ರ ಜುಲೈ 1ರಿಂದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಪಿಎಚ್‌ಡಿ ಕಡ್ಡಾಯವಲ್ಲ, ನೆಟ್ ಅಥವಾ ಸೆಟ್ ಇದ್ದರಾಯಿತು. ಆದರೆ ಮೇಲೆ ಹತ್ತಬೇಕಾದರೆ ಬೇಕೇ ಬೇಕು. ಸಹ ಪ್ರಾಧ್ಯಾಪಕ ಹುದ್ದೆಗೆ ನೇರವಾಗಿ ಅರ್ಜಿ ಹಾಕಲು ಪಿಎಚ್‌ಡಿಯ ಜೊತೆ ಎಂಟು ವರ್ಷದ ಅನುಭವ ಕೇಳುತ್ತಾರೆ. ನೆಟ್‌ನಲ್ಲಿ ಜೆಆರ್‌ಎಫ್ (ಕಿರಿಯ ಸಂಶೋಧನಾ ಫೆಲೋಶಿಪ್) ಸಿಕ್ಕಿದರೆ ತಿಂಗಳಿಗೆ 37,000 ರೂಪಾಯಿ ಫೆಲೋಶಿಪ್ ಇದೆ. ಸಿಕ್ಕವರು ಸಣ್ಣ ಸಂಬಳದ ಕೆಲಸಕ್ಕೆ ಓಡುವ ಮೊದಲು ಪೂರ್ಣಾವಧಿ ಪಿಎಚ್‌ಡಿ ಬಗ್ಗೆ ಎರಡು ಸಲ ಯೋಚಿಸಿ.

ಜಿಲ್ಲೆಯ ಖಾಸಗಿ ಕಾಲೇಜು

ಹೆಚ್ಚಿನವರು ಶುರು ಮಾಡುವುದು ಇಲ್ಲೇ. ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ 2009ರಲ್ಲಿ ಬಂದ ಮೇಲೆ ರಾಜ್ಯದ ಕಾನೂನು ಕಾಲೇಜುಗಳು ಅದರ ಸಂಯೋಜನೆಗೆ ಬಂದವು. ಪಠ್ಯ ಹುಬ್ಬಳ್ಳಿಯಿಂದ, ಪ್ರಶ್ನೆಪತ್ರಿಕೆ ಹುಬ್ಬಳ್ಳಿಯಿಂದ. ನಿಮ್ಮದು ಪಾಠ ಮುಗಿಸುವ ಕೆಲಸ. ಐದು ಯೂನಿಟ್, ಪ್ರತಿ ಯೂನಿಟ್‌ಗೆ ಹತ್ತು ಅಂಕದ ಪ್ರಬಂಧ ಮತ್ತು ಆರು ಅಂಕದ ಟಿಪ್ಪಣಿ ಅಥವಾ ಸಮಸ್ಯೆ, ಒಟ್ಟು 80. ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಹುಡುಗರು ಕೇಳುವುದು ಒಂದೇ: ‘ಸಾರ್, ಇಂಪಾರ್ಟೆಂಟ್ ಯಾವುದು?’

ಸಂಬಳ ಕಡಿಮೆ. ನಾನು ಸೇರಿದಾಗ ಕೈಗೆ ಬರುತ್ತಿದ್ದದ್ದು 14,000. ನೆಟ್ ಆದ ಮೇಲೆ ಏರಿತು, ಆದರೆ ಯುಜಿಸಿ ಶ್ರೇಣಿಯ ಹತ್ತಿರಕ್ಕೆ ಬರಲಿಲ್ಲ. ಪಾಠದ ಹೊರಗಿನ ಕೆಲಸ ಜಾಸ್ತಿ. ವಿಶ್ವವಿದ್ಯಾಲಯದ ತಪಾಸಣಾ ಸಮಿತಿ ಬರುತ್ತದೆ, ವಕೀಲರ ಪರಿಷತ್ತಿನ, ಅಂದರೆ ಬಾರ್ ಕೌನ್ಸಿಲಿನ, ಇನ್‌ಸ್ಪೆಕ್ಷನ್ ಬರುತ್ತದೆ, ಕಾಲೇಜಿಗೆ ದರ್ಜೆ ಕೊಡುವ ನ್ಯಾಕ್ ಬರುತ್ತದೆ. ಪ್ರತಿಯೊಂದಕ್ಕೂ ಫೈಲು. ಜೂನ್ ಬಂತೆಂದರೆ ಕೆಲವು ಕಡೆ ಅಡ್ಮಿಷನ್‌ಗೆ ಫೋನ್ ಮಾಡುವುದೂ ಮೇಷ್ಟ್ರ ಕೆಲಸವೇ. ನನ್ನ ಮೊದಲ ಕಾಲೇಜು, ಹೆಸರು ಬೇಡ, ‘ಇನ್‌ಸ್ಪೆಕ್ಷನ್ ಇದೆ’ ಎಂದು ಮೂಲ ಅಂಕಪಟ್ಟಿಗಳನ್ನು ತೆಗೆದುಕೊಂಡಿತು. ವಾಪಸ್ ಸಿಕ್ಕಿದ್ದು ಕೆಲಸ ಬಿಡುವಾಗ, ಅದೂ ಮೂರು ಸಲ ಅಲೆದ ಮೇಲೆ. ಮೂಲ ದಾಖಲೆಯನ್ನು ತೋರಿಸಿ, ಕೊಡಬೇಡಿ. ದೃಢೀಕರಿಸಿದ ಜೆರಾಕ್ಸ್ ಸಾಕು.

ಇಷ್ಟೆಲ್ಲ ಕೇಳಿ ‘ಹಾಗಾದ್ರೆ ಅಲ್ಲಿಗೆ ಯಾಕೆ ಹೋಗಬೇಕು’ ಅನ್ನಿಸಬಹುದು. ಒಂದು ಮಧ್ಯಾಹ್ನ ಹೇಳುತ್ತೇನೆ.

ಫ್ಯಾಮಿಲಿ ಲಾ ಕ್ಲಾಸು. ಹಿಂದೂ ಉತ್ತರಾಧಿಕಾರ ಕಾಯ್ದೆ, 6ನೇ ಕಲಂ, 2005ರ ತಿದ್ದುಪಡಿ. ಮಗಳೂ ಹುಟ್ಟಿನಿಂದಲೇ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲುದಾರಳು ಎಂದು ಬೋರ್ಡಿನ ಮೇಲೆ ಬರೆದಿದ್ದೆ. ಊಟದ ನಂತರದ ಕ್ಲಾಸು, ಅರ್ಧ ಜನ ತೂಕಡಿಸುತ್ತಿದ್ದರು. ಹಿಂದಿನ ಬೆಂಚಿನಿಂದ ಒಬ್ಬಳು ಹುಡುಗಿ ಎದ್ದು ನಿಂತಳು. ‘ಸರ್, ಅಪ್ಪ 2003ರಲ್ಲೇ ತೀರಿಹೋಗಿದ್ರೆ?’ ಕ್ಲಾಸು ಸುಮ್ಮನಾಯಿತು. ಅದು ಪರೀಕ್ಷೆಯ ಪ್ರಶ್ನೆ ಅಲ್ಲ, ಅವಳ ಮನೆಯದು ಅಂತ ಎಲ್ಲರಿಗೂ ತಿಳಿಯಿತು.

ಅವಳಿಗೆ ವಿನೀತಾ ಶರ್ಮಾ ತೀರ್ಪು ಹೇಳಿದೆ. 2020ರ ಆಗಸ್ಟ್ 11, ಸುಪ್ರೀಂ ಕೋರ್ಟು. ತಿದ್ದುಪಡಿ ಜಾರಿಗೆ ಬಂದ 2005ರ ಸೆಪ್ಟೆಂಬರ್ 9ಕ್ಕೆ ಅಪ್ಪ ಬದುಕಿರಲೇಬೇಕೆಂದಿಲ್ಲ, ಹಕ್ಕು ಹುಟ್ಟಿನಿಂದ ಬಂದದ್ದು. ಆದರೆ 2004ರ ಡಿಸೆಂಬರ್ 20ಕ್ಕಿಂತ ಮೊದಲೇ ಸರಿಯಾಗಿ ಪಾಲು ಆಗಿ ಹೋಗಿದ್ದರೆ ಅದನ್ನು ಮತ್ತೆ ಕೆದಕುವಂತಿಲ್ಲ. ‘ಪಾಲಾಗಿದೆಯಾ?’ ಎಂದು ಕೇಳಿದೆ. ‘ಬಾಯಿಮಾತಲ್ಲಿ ಆಗಿದೆ ಅಂತಾರೆ ಸರ್, ಚಿಕ್ಕಪ್ಪ.’ ಬಾಯಿಮಾತಿನ ಪಾಲಿನ ವಾದವನ್ನು ಅದೇ ತೀರ್ಪು ಸುಲಭಕ್ಕೆ ಒಪ್ಪುವುದಿಲ್ಲ. ಅಲ್ಲಿಂದ ನಮ್ಮ ರಾಜ್ಯದ್ದೇ ಹಳೆಯ ತಿದ್ದುಪಡಿಗೆ ಹೋದೆವು. ಕೇಂದ್ರಕ್ಕಿಂತ ಹನ್ನೊಂದು ವರ್ಷ ಮೊದಲೇ, 1994ರ ಜುಲೈ 30ರಿಂದ, ಕರ್ನಾಟಕ ಹೆಣ್ಣುಮಕ್ಕಳಿಗೆ ಈ ಹಕ್ಕು ಕೊಟ್ಟಿತ್ತು. ಅದಕ್ಕಿಂತ ಮುಂಚೆ ಮದುವೆಯಾದವರನ್ನು ಮಾತ್ರ ಹೊರಗಿಟ್ಟಿತ್ತು. ಗಂಟೆ ಹೊಡೆದರೂ ಯಾರೂ ಏಳಲಿಲ್ಲ. ನನ್ನ ಹದಿಮೂರು ವರ್ಷದಲ್ಲಿ ಹಾಗೆ ಆದದ್ದು ಐದಾರು ಸಲ ಇರಬಹುದು.

ಈ ಕಾಲೇಜುಗಳಲ್ಲಿ ಕಾನೂನು ಪುಸ್ತಕದಿಂದ ಇಳಿದು ಹೊಲದ ಬದುವಿನ ಮೇಲೆ ನಡೆಯುತ್ತದೆ. ಭಾಷೆಯೂ ಹಾಗೇ. ಪ್ರಶ್ನೆಪತ್ರಿಕೆಯ ಮೇಲೆ ‘ಉತ್ತರವನ್ನು ಪೂರ್ತಿ ಇಂಗ್ಲಿಷಿನಲ್ಲಿ ಇಲ್ಲವೇ ಪೂರ್ತಿ ಕನ್ನಡದಲ್ಲಿ ಬರೆಯಿರಿ’ ಎಂಬ ಅರ್ಥದ ಸೂಚನೆ ಇರುತ್ತದೆ. ಪಾಠ ಮಾಡುವವನಿಗೆ ಎರಡೂ ಬರಬೇಕು. ‘ಕನ್ಸಿಡರೇಷನ್’ ಎಂದು ಹತ್ತು ಸಲ ಹೇಳಿದರೂ ಹೊಳೆಯದ್ದು, ‘ಪ್ರತಿಫಲ, ಅಂದ್ರೆ ನೀನು ಕೊಟ್ಟದ್ದಕ್ಕೆ ಅವನು ಕೊಡೋದು’ ಎಂದರೆ ಹೊಳೆಯುತ್ತದೆ. ಇದು ನಿಮಗೆ ಖುಷಿ ಕೊಡುವ ಕೆಲಸವಾದರೆ ಜಿಲ್ಲೆಯ ಕಾಲೇಜಿನ ಮುಂದೆ ಬೆಂಗಳೂರು ಸಪ್ಪೆ. ಕೊಡದಿದ್ದರೆ ಎರಡೇ ವರ್ಷಕ್ಕೆ ಸುಸ್ತಾಗುತ್ತೀರಿ.

ಅನುದಾನಿತ ಮತ್ತು ಸರ್ಕಾರಿ

ಅನುದಾನಿತ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಒಂದು ವಿಚಿತ್ರ ಇದೆ. ಒಂದೇ ಮೇಜು, ಒಂದೇ ಟೀ ಫ್ಲಾಸ್ಕು. ಈ ಕಡೆ ಕುರ್ಚಿಯವರ ಸಂಬಳ ಸರ್ಕಾರದ್ದು. ಆ ಕಡೆ ಕುರ್ಚಿಯವರು ‘ಮ್ಯಾನೇಜ್‌ಮೆಂಟ್’, ಅಂದರೆ ಆಡಳಿತ ಮಂಡಳಿ ಕೊಟ್ಟಷ್ಟು. ಇಬ್ಬರ ಪಾಠವೂ ಒಂದೇ, ಸಂಬಳದ ಚೀಟಿ ಬೇರೆ ಬೇರೆ. ಹಳಬರು ನಿವೃತ್ತರಾದ ಜಾಗ ಖಾಲಿ ಬಿದ್ದು, ಅಲ್ಲಿ ಮ್ಯಾನೇಜ್‌ಮೆಂಟ್ ಕಡೆಯವರನ್ನೇ ತುಂಬಿಕೊಂಡಿರುವುದು ಸಾಮಾನ್ಯ. ‘ಅನುದಾನಿತ ಕಾಲೇಜು’ ಎಂದು ಕೇಳಿ ಹಿಗ್ಗಬೇಡಿ. ‘ನನ್ನ ಹುದ್ದೆ ಅನುದಾನಿತವಾ?’ ಎಂದು ಕೇಳಿ. ಆದರೂ ಹಳೆಯ ಕಾಲೇಜುಗಳಿಗೆ ಒಂದು ಘನತೆ ಇದೆ. ಬೆಳಗಾವಿಯ ರಾಜಾ ಲಖಮಗೌಡ ಕಾನೂನು ಕಾಲೇಜು 1939ರದ್ದು, ಉಡುಪಿಯ ವೈಕುಂಠ ಬಾಳಿಗಾ ಕಾಲೇಜು 1957ರದ್ದು. ಅಷ್ಟು ವಯಸ್ಸಿನ ಕಾಲೇಜಿದ್ದ ಊರಿನ ವಕೀಲರ ಸಂಘದ ತುಂಬ ಅಲ್ಲಿಯ ಹಳೆಯ ವಿದ್ಯಾರ್ಥಿಗಳೇ. ಅಣಕು ನ್ಯಾಯಾಲಯದ ಸ್ಪರ್ಧೆಗೆ ತೀರ್ಪುಗಾರರು ಬೇಕೆಂದರೆ ಒಂದು ಫೋನ್ ಸಾಕು.

ಸರ್ಕಾರಿ ಹುದ್ದೆ ಸಿಕ್ಕರೆ ಲೆಕ್ಕವೇ ಬೇರೆ. ಯುಜಿಸಿ ಏಳನೇ ವೇತನದಲ್ಲಿ ಶುರುವಿನ ಮೂಲ ವೇತನ 57,700, ಅದರ ಮೇಲೆ ಭತ್ಯೆಗಳು. ಮೊದಲ ಬಡ್ತಿಯ ಮೆಟ್ಟಿಲು ಪಿಎಚ್‌ಡಿ ಇದ್ದರೆ ನಾಲ್ಕು ವರ್ಷಕ್ಕೆ, ಎಲ್‌ಎಲ್‌ಎಂ ಇದ್ದರೆ ಐದಕ್ಕೆ. ಬೇರೆ ವಿಷಯದಲ್ಲಿ ಬರೀ ಎಂಎ ಆದವರಿಗೆ ಆರು. ಎಲ್‌ಎಲ್‌ಎಂ ಅನ್ನು ವೃತ್ತಿಪರ ಪದವಿ ಎಂದು ಹಿಡಿದು ಕೊಟ್ಟ ಒಂದು ವರ್ಷದ ರಿಯಾಯಿತಿ ಅದು, ಎಷ್ಟೋ ಜನಕ್ಕೆ ಗೊತ್ತೇ ಇರುವುದಿಲ್ಲ. 2006ರ ಏಪ್ರಿಲ್ 1ರಿಂದ ಈಚೆಗೆ ಸೇರಿದವರಿಗೆ ಹಳೆಯ ಪಿಂಚಣಿ ಅಲ್ಲ, ಎನ್‌ಪಿಎಸ್, ಅಂದರೆ ಸಂಬಳದಿಂದಲೂ ಕಟ್ಟುವ ಹೊಸ ಪಿಂಚಣಿ.

ತೊಂದರೆ ಏನೆಂದರೆ ಹುದ್ದೆಗಳೇ ಬೆರಳೆಣಿಕೆ. ರಾಮನಗರ, ಹೊಳೆನರಸೀಪುರದಂಥ ಕೆಲವೇ ಊರುಗಳಲ್ಲಿ ಸರ್ಕಾರಿ ಕಾನೂನು ಕಾಲೇಜು. ಜೊತೆಗೆ ಮೈಸೂರು, ಬೆಂಗಳೂರು, ಧಾರವಾಡದ ವಿಶ್ವವಿದ್ಯಾಲಯಗಳ ಕಾನೂನು ವಿಭಾಗಗಳು, ಹುಬ್ಬಳ್ಳಿಯ ಕಾನೂನು ವಿಶ್ವವಿದ್ಯಾಲಯದ ಸ್ವಂತ ಲಾ ಸ್ಕೂಲ್. ಅಧಿಸೂಚನೆಗೆ ವರ್ಷಗಟ್ಟಲೆ ಕಾಯಬೇಕು. ಬಂದರೂ ಮೀಸಲಾತಿ ರೋಸ್ಟರಿನಲ್ಲಿ ನಿಮ್ಮ ಸಾಲು ಇರಬೇಕು. ಹಾಗಾಗಿ ಇದನ್ನೇ ನಂಬಿ ಕೈಕಟ್ಟಿ ಕೂರಬೇಡಿ, ಬೇರೆ ಕಡೆ ಪಾಠ ಮಾಡುತ್ತಲೇ ಅರ್ಜಿ ಹಾಕಿ. ಕಲ್ಯಾಣ ಕರ್ನಾಟಕದವರು ಆ ಭಾಗದವರಿಗೆ ಉದ್ಯೋಗ ಮೀಸಲಾತಿ ಕೊಡುವ 371(ಜೆ) ಪ್ರಮಾಣಪತ್ರವನ್ನು ಅಧಿಸೂಚನೆ ಬರುವ ಮುಂಚೆಯೇ ಮಾಡಿಸಿಟ್ಟುಕೊಳ್ಳಿ. ಕೊನೆಯ ವಾರದಲ್ಲಿ ಕಚೇರಿ ಸುತ್ತಿ ಅರ್ಜಿ ತಪ್ಪಿಸಿಕೊಂಡವರನ್ನು ನೋಡಿದ್ದೇನೆ.

ಅತಿಥಿ ಉಪನ್ಯಾಸಕ ಎಂಬ ಇನ್ನೊಂದು ಕುರ್ಚಿ ಇದೆ. ಯುಜಿಸಿ 2019ರಲ್ಲಿ ಹೇಳಿದ ದರ ಒಂದು ಪಾಠಕ್ಕೆ 1,500 ರೂಪಾಯಿ, ತಿಂಗಳಿಗೆ ಗರಿಷ್ಠ 50,000. ಅಷ್ಟು ಎಲ್ಲ ಕಡೆ ಸಿಗುತ್ತದೆ ಎಂದುಕೊಳ್ಳಬೇಡಿ. ರಜೆಯ ತಿಂಗಳಲ್ಲಿ ಪಾಠವಿಲ್ಲ, ದುಡ್ಡೂ ಇಲ್ಲ. ಒಂದು ವರ್ಷದ ಮಟ್ಟಿಗೆ ಅನುಭವಕ್ಕೆ ಸರಿ.

ಬೆಂಗಳೂರಿನ ಖಾಸಗಿ ವಿಶ್ವವಿದ್ಯಾಲಯ

ಕ್ರೈಸ್ಟ್, ಅಲಯನ್ಸ್, ರೇವಾ ಹೀಗೆ ಕಾನೂನು ವಿಭಾಗ ಇರುವ ಖಾಸಗಿ ಮತ್ತು ಡೀಮ್ಡ್ ವಿಶ್ವವಿದ್ಯಾಲಯಗಳು ಬೆಂಗಳೂರಿನಲ್ಲಿ ಸಾಕಷ್ಟಿವೆ. ಇಲ್ಲಿ ‘ಪೇಪರ್’ ಎಂದರೆ ಅರ್ಥವೇ ಬದಲಾಗುತ್ತದೆ. ವರ್ಷದ ಕೊನೆಗೆ ‘ಎಷ್ಟು ಪೇಪರ್ ಆಯ್ತು?’ ಎಂದರೆ ಎಷ್ಟು ಸಂಶೋಧನಾ ಲೇಖನ ಪ್ರಕಟವಾಯಿತು, ಅದು ಸ್ಕೋಪಸ್ ಎಂಬ ಅಂತರರಾಷ್ಟ್ರೀಯ ಪಟ್ಟಿಯ ಜರ್ನಲ್ಲಾ ಎಂದು. ಬೆಳಗ್ಗೆ ಬಯೋಮೆಟ್ರಿಕ್, ಸಂಜೆ ಬಯೋಮೆಟ್ರಿಕ್. ಪಾಠ, ಮೀಟಿಂಗು, ಮೇಲ್ ಎಲ್ಲ ಇಂಗ್ಲಿಷ್.

ನನ್ನ ಅಳತೆಗೋಲಿನಲ್ಲಿ ಮಾತ್ರ ಇದು ಜಿಲ್ಲೆಯ ಕಾಲೇಜನ್ನು ಸೋಲಿಸುತ್ತದೆ. ಬಾರ್ ಕೌನ್ಸಿಲ್ ನಿಯಮದಂತೆ ಒಂದು ಸೆಕ್ಷನ್ನಿಗೆ 60 ವಿದ್ಯಾರ್ಥಿಗಳು. ದೊಡ್ಡ ವಿಶ್ವವಿದ್ಯಾಲಯದಲ್ಲಿ ಒಂದೇ ವರ್ಷಕ್ಕೆ ಮೂರು ನಾಲ್ಕು ಸೆಕ್ಷನ್ ಇರುತ್ತವೆ. ಒಂದೇ ಪೇಪರನ್ನು ಮೂರು ಸೆಕ್ಷನ್ನಿಗೆ ಹೇಳುವವರಿಗೆ ಆ ಮೂರನೇ ಸಲ ಮೂರು ವರ್ಷಕ್ಕಲ್ಲ, ಅದೇ ವಾರಕ್ಕೆ ಬರುತ್ತದೆ! ಸೋಮವಾರ ಎ ಸೆಕ್ಷನ್ನಿನಲ್ಲಿ ಎಡವಿದ್ದನ್ನು ಬುಧವಾರ ಸಿ ಸೆಕ್ಷನ್ನಿನಲ್ಲಿ ತಿದ್ದಿಕೊಳ್ಳಬಹುದು. ನನ್ನ ಗೆಳತಿಯೊಬ್ಬಳು ಹೀಗೆ ಕಂಪನಿ ಕಾನೂನೊಂದನ್ನೇ ಹಿಡಿದು ನಾಲ್ಕು ವರ್ಷದಲ್ಲಿ ಪಿಎಚ್‌ಡಿ ಮುಗಿಸಿದಳು. ಅಷ್ಟೇ ಸಮಯದಲ್ಲಿ ನಾನು ಒಂಬತ್ತು ಪೇಪರ್ ಹೇಳಿ, ಪಿಎಚ್‌ಡಿ ಸಿನಾಪ್ಸಿಸ್ ಕೂಡ ಬರೆದಿರಲಿಲ್ಲ. ಅವಳ ದೂರು ಬೇರೆ. ‘ನಿನ್ನ ಹುಡುಗರು ಮನೆ ವಿಷಯ ಕೇಳ್ತಾರೆ, ನನ್ನವರು ಪ್ಲೇಸ್‌ಮೆಂಟ್ ಕೇಳ್ತಾರೆ’ ಅನ್ನುತ್ತಾಳೆ.

ಆಫರ್ ಲೆಟರಿನಲ್ಲಿ ಎರಡು ಸಾಲು ಹುಡುಕಿ ಓದಿ. ಒಪ್ಪಂದ ಎಷ್ಟು ವರ್ಷದ್ದು, ನೋಟಿಸ್ ಅವಧಿ ಎಷ್ಟು. ಸೆಮಿಸ್ಟರ್ ನಡುವೆ ಬಿಟ್ಟರೆ ಇಷ್ಟು ತಿಂಗಳ ಸಂಬಳ ಕಟ್ಟಬೇಕು ಎಂದು ಬರೆದಿರುವುದುಂಟು. ಕರಾರು ಕಾಯ್ದೆ ಹೇಳಿಕೊಡುವವರೇ ತಮ್ಮ ಕರಾರನ್ನು ಓದದೆ ಸಹಿ ಹಾಕುತ್ತಾರೆ, ಏನು ಹೇಳೋಣ.

ನಾಗರಭಾವಿ

ಮಾಧವ ಮೆನನ್ ಅವರು ಕಟ್ಟಿದ ನ್ಯಾಷನಲ್ ಲಾ ಸ್ಕೂಲಿನ ಮೊದಲ ತಂಡ ಶುರುವಾದದ್ದು 1988ರಲ್ಲಿ. ದೇಶದ ಉಳಿದ ಕಾನೂನು ವಿಶ್ವವಿದ್ಯಾಲಯಗಳೆಲ್ಲ ಅದನ್ನು ನೋಡಿಯೇ ಬಂದವು. ಅಲ್ಲಿ ಸೆಮಿಸ್ಟರ್ ಅಲ್ಲ, ಟ್ರೈಮೆಸ್ಟರ್, ವರ್ಷಕ್ಕೆ ಮೂರು ಅವಧಿ. ಪಠ್ಯ ಹೊರಗಿನಿಂದ ಬರುವುದಿಲ್ಲ, ಐಚ್ಛಿಕ ವಿಷಯವನ್ನು ಕಲಿಸುವವರೇ ರೂಪಿಸಿಕೊಳ್ಳಬಹುದು. ಹುಡುಗರು ಮೊದಲೇ ತೀರ್ಪು ಓದಿಕೊಂಡು ಬಂದು ‘ನೀವು ಹೇಳಿದ್ದು ಯಾವ ಪ್ಯಾರಾದಲ್ಲಿದೆ?’ ಎಂದು ಕೇಳುತ್ತಾರೆ. ಕೇಶವಾನಂದ ಭಾರತಿ ಪ್ರಕರಣದ ಬಗ್ಗೆ ‘ಸಂವಿಧಾನದ ಮೂಲ ರಚನೆ’ ಎಂದು ಒಂದು ಸಾಲು ಹೇಳಿ ದಾಟಿಕೊಳ್ಳಲು ಆಗುವುದಿಲ್ಲ. 13 ನ್ಯಾಯಮೂರ್ತಿಗಳಲ್ಲಿ ಯಾವ 7 ಜನ, ಯಾವ 6 ಜನ, ಆ ಏಳರ ನಡುವೆಯೂ ಒಮ್ಮತ ಎಲ್ಲಿ ಒಡೆಯಿತು, ಅಷ್ಟೂ ಬೇಕು. (ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಕಾಸರಗೋಡಿನ ಕನ್ನಡದವರು ಎಂಬುದು ನಮ್ಮ ಜಿಲ್ಲಾ ಕಾಲೇಜಿನ ಹುಡುಗರಿಗೆ ಮಾತ್ರ ರೋಮಾಂಚನ ತರುವ ವಿಷಯ.)

ಅಲ್ಲಿ ಒಳಗೆ ಹೋಗುವುದು ಸಂಶೋಧನೆಯ ಬಲದ ಮೇಲೆ. ವಿದೇಶಿ ಪದವಿ ಕಡ್ಡಾಯವೇನಲ್ಲ, ಆದರೆ ನಿಮ್ಮ ಪಕ್ಕದ ಅಭ್ಯರ್ಥಿಯ ಬಳಿ ಅದು ಇರುತ್ತದೆ. ಬರೆಯುವ ಹುಚ್ಚಿದ್ದರೆ, ಪ್ರಕಟವಾದ ಒಳ್ಳೆಯ ಲೇಖನಗಳಿದ್ದರೆ ಅರ್ಜಿ ಹಾಕಿ. ನಾನು ಹಾಕಿಲ್ಲ. ಹಾಗಾಗಿ ಇಲ್ಲಿ ನನ್ನ ಮಾತು ಇಷ್ಟಕ್ಕೇ ಸಾಕು.

ಕರಿ ಕೋಟು ಬಿಡಲು ಮನಸ್ಸಿಲ್ಲದವರಿಗೆ

ಎರಡೂ ಬೇಕು ಅನ್ನುವವರು ಬಹಳ. ಅದಕ್ಕೆ ಕಾನೂನಿನಲ್ಲೇ ದಾರಿ ಇದೆ, ಆದರೆ ಕಿರಿದು. 1979ರ ನಿಯಮದ ಪ್ರಕಾರ ವಕೀಲರು ವಕೀಲಿಕೆ ಬಿಡದೆ ಕಾನೂನು ಪಾಠ ಮಾಡಬಹುದು, ದಿನಕ್ಕೆ ಮೂರು ಗಂಟೆ ಮೀರಬಾರದು. ಅದು ಅರೆಕಾಲಿಕ ಕೆಲಸ ಎಂದೇ ಲೆಕ್ಕ. ಪೂರ್ಣಾವಧಿ ಸಂಬಳಕ್ಕೆ ಸೇರಿದರೆ ಬಾರ್ ಕೌನ್ಸಿಲಿನ 49ನೇ ನಿಯಮ ಅಡ್ಡ ಬರುತ್ತದೆ. ರಾಜ್ಯ ವಕೀಲರ ಪರಿಷತ್ತಿಗೆ ತಿಳಿಸಿ ಸನ್ನದನ್ನು, ಅಂದರೆ ವಕೀಲಿಕೆಯ ಪರವಾನಗಿಯನ್ನು, ಅಮಾನತಿನಲ್ಲಿ ಇಡಬೇಕು. ಕೆಲಸ ಬಿಟ್ಟ ಮೇಲೆ ಮತ್ತೆ ಜೀವ ಕೊಡಿಸಿಕೊಳ್ಳಬಹುದು. ‘ಯಾರು ನೋಡ್ತಾರೆ ಬಿಡಿ’ ಎಂದು ಎರಡೂ ಕಡೆ ಪೂರ್ತಿ ಕಾಲಿಟ್ಟವರಿದ್ದಾರೆ. ಎದುರು ಪಕ್ಷದ ಕಕ್ಷಿದಾರನಿಗೆ ಸಿಟ್ಟು ಬಂದ ದಿನ ದೂರು ಹೋಗುತ್ತದೆ. ವೃತ್ತಿ ನೀತಿಯ ಪೇಪರ್ ಹೇಳಿಕೊಡುವವನೇ ಶಿಸ್ತು ಸಮಿತಿಯ ಮುಂದೆ ನಿಲ್ಲುವುದು ಚೆನ್ನಾಗಿರಲ್ಲ, ಅಲ್ವಾ?

ನಿಯಮದೊಳಗೆ ಇದ್ದು ಮಾಡುವವರ ದಿನ ಹೀಗಿರುತ್ತದೆ. ಬೆಳಗ್ಗೆ ಎರಡು ಕ್ಲಾಸು, ಮುಗಿಸಿ ಬ್ಯಾಂಡ್ ಕಟ್ಟಿಕೊಳ್ಳುತ್ತಾ ಬೈಕು ಹತ್ತಿದರೆ 11ಕ್ಕೆ ಕೋರ್ಟು. ನಮ್ಮಲ್ಲಿ ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) ಹೇಳುತ್ತಿದ್ದ ಹಿರಿಯರೊಬ್ಬರು ನಿನ್ನೆಯ ಪಾಟೀ ಸವಾಲನ್ನೇ ಇವತ್ತಿನ ಪಾಠ ಮಾಡುತ್ತಿದ್ದರು. ಹೆಸರು ಬದಲಿಸಿ, ಊರು ಬದಲಿಸಿ. ಆದೇಶ 39ರ ತಡೆಯಾಜ್ಞೆ ಅವರ ಬಾಯಲ್ಲಿ ಕಥೆಯಾಗುತ್ತಿತ್ತು. ಜಡ್ಜು ಕನ್ನಡಕ ತೆಗೆದು ‘ತುರ್ತು ಏನಿದೆ?’ ಎಂದು ಕೇಳುವುದನ್ನು ಅಭಿನಯಿಸಿ ತೋರಿಸುತ್ತಿದ್ದರು. ನಮ್ಮಂಥ ಪೂರ್ಣಾವಧಿಯವರು ಎಷ್ಟು ಓದಿದರೂ ಅದು ಬರುವುದಿಲ್ಲ. ಆದರೆ ಕೇಸಿಗೆ ವಾಯಿದೆ ಬೇಗ ಬಂದ ದಿನ ಕ್ಲಾಸು ತಪ್ಪುತ್ತಿತ್ತು, ಸಂಬಳ ಗಂಟೆ ಲೆಕ್ಕದ್ದು, ಪಿಎಚ್‌ಡಿ ಎಂಬ ಮಾತೇ ಇರಲಿಲ್ಲ. ಕೋರ್ಟಿನಲ್ಲಿ ಆಗಲೇ ಬೇರೂರಿದವರಿಗೆ ಇದು ಸೊಗಸಾದ ವ್ಯವಸ್ಥೆ. ಈಗಷ್ಟೇ ಸನ್ನದು ತೆಗೆದುಕೊಂಡವರಿಗೆ ಎರಡು ದೋಣಿಯ ಮೇಲೆ ಕಾಲು. ಸೀನಿಯರ್ ಚೇಂಬರಿನಲ್ಲಿ ಜೂನಿಯರ್‌ಗಳಿಗೆ ನಗರದಲ್ಲಿ ಕನಿಷ್ಠ 20,000, ಹಳ್ಳಿ ಕಡೆ 15,000 ಕೊಡಿ ಎಂದು ಬಾರ್ ಕೌನ್ಸಿಲ್ 2024ರಲ್ಲಿ ಹೇಳಿತು. ಅದು ಶಿಫಾರಸು, ಆದೇಶವಲ್ಲ. ನಿಮ್ಮ ಸೀನಿಯರ್ ಅದನ್ನು ಓದಿದ್ದಾರಾ ಎಂಬುದು ನಿಮ್ಮ ಅದೃಷ್ಟ.

ಜಡ್ಜ್ ಪರೀಕ್ಷೆಯ ಆಸೆ ಇರುವವರು ಇನ್ನೂ ಹುಷಾರಾಗಿರಬೇಕು. ಸಿವಿಲ್ ನ್ಯಾಯಾಧೀಶರ ಆರಂಭಿಕ ಮೂಲ ವೇತನ 77,840, ಪಾಠದ ಕೆಲಸಕ್ಕಿಂತ ಜಾಸ್ತಿ. ಆದರೆ 2025ರ ಮೇ 20ರಂದು ಸುಪ್ರೀಂ ಕೋರ್ಟು ಆ ಪರೀಕ್ಷೆಗೆ ಮೂರು ವರ್ಷದ ವಕೀಲಿಕೆಯನ್ನು ಮತ್ತೆ ಕಡ್ಡಾಯ ಮಾಡಿತು. ಸನ್ನದನ್ನು ಅಮಾನತಿನಲ್ಲಿಟ್ಟು ಪಾಠ ಮಾಡಿದ ವರ್ಷ ವಕೀಲಿಕೆಯ ವರ್ಷವಲ್ಲ. ‘ಎರಡು ವರ್ಷ ಲೆಕ್ಚರರ್ ಆಗಿ ಓದ್ಕೊಂಡು ಆಮೇಲೆ ಜಡ್ಜ್ ಎಕ್ಸಾಮ್ ಬರೀತೀನಿ’ ಎಂಬ ಹಳೆಯ ಪ್ಲಾನು ಈಗ ನಡೆಯುವುದಿಲ್ಲ. ಆ ಆಸೆ ಇದ್ದರೆ ಮೊದಲು ಕೋರ್ಟು, ಕಾಲೇಜು ಆಮೇಲೆ. ಇನ್ನು ಮೇಷ್ಟ್ರಾಗಿಯೇ ಸುಪ್ರೀಂ ಕೋರ್ಟಿಗೆ ಹೋಗುವ ಕನಸು ಕಾಣುವವರಿಗೆ ಸಂವಿಧಾನದ 124(3)(ಸಿ) ಇದೆ, ‘ಶ್ರೇಷ್ಠ ನ್ಯಾಯವೇತ್ತ’ರನ್ನು ನೇಮಿಸಬಹುದು. 1950ರಿಂದ ಇಲ್ಲಿಯವರೆಗೆ ಒಬ್ಬರನ್ನೂ ನೇಮಿಸಿಲ್ಲ.

ಸಂದರ್ಶನದ ದಿನ

2025ರ ಆಗಸ್ಟ್‌ನಲ್ಲಿ ಬಾರ್ ಕೌನ್ಸಿಲ್ ಹೊಸ ಕಾನೂನು ಕಾಲೇಜುಗಳಿಗೆ ಮೂರು ವರ್ಷ ತಡೆ ಹಾಕಿದೆ. ಅಂದರೆ ಸದ್ಯಕ್ಕೆ ಕೆಲಸ ಹುಟ್ಟುವುದು ಇರುವ ಕಾಲೇಜುಗಳಲ್ಲೇ. ಅವರು ನಿಮ್ಮನ್ನು ನೋಡುವಷ್ಟೇ ಗಮನವಿಟ್ಟು ನೀವೂ ಅವರನ್ನು ನೋಡಿ.

ಡೆಮೊ ಕ್ಲಾಸಿಗೆ ದೊಡ್ಡ ವಿಷಯ ಆರಿಸಬೇಡಿ. ‘ಮೂಲಭೂತ ಹಕ್ಕುಗಳು’ ಎಂದು ಶುರು ಮಾಡಿ ಹದಿನೈದು ನಿಮಿಷದಲ್ಲಿ ಪೀಠಿಕೆಯನ್ನೂ ಮುಗಿಸದವರನ್ನು ಪ್ರತಿ ವರ್ಷ ನೋಡುತ್ತೇನೆ. ಒಂದು ಸಣ್ಣ ಗಂಟು ಹಿಡಿದು ಬಿಚ್ಚಿ ತೋರಿಸಿ. ಅಪ್ರಾಪ್ತ ವಯಸ್ಕ ಸುಳ್ಳು ವಯಸ್ಸು ಹೇಳಿ ಸಾಲ ತೆಗೆದುಕೊಂಡರೆ ಆ ಕರಾರಿನ ಗತಿ ಏನು? 1903ರ ಮೊಹೊರಿ ಬೀಬಿ ಪ್ರಕರಣ ಇಟ್ಟುಕೊಂಡು ಹದಿನೈದು ನಿಮಿಷ ಚೆನ್ನಾಗಿ ಓಡುತ್ತದೆ.

ಅವರ ಪ್ರಶ್ನೆ ಮುಗಿದ ಮೇಲೆ ನಿಮ್ಮ ಸರದಿ. ಎಷ್ಟು ಪೇಪರ್, ಯಾವುವು, ಮುಂದಿನ ವರ್ಷವೂ ಅವೇ ಇರುತ್ತವಾ? ಸಂಬಳ ಬ್ಯಾಂಕಿಗೆ ಬರುತ್ತದಾ, ಪಿಎಫ್ ಇದೆಯಾ? ನೇಮಕಾತಿಗೆ ವಿಶ್ವವಿದ್ಯಾಲಯದ ಅನುಮೋದನೆ ತೆಗೆದುಕೊಳ್ಳುತ್ತೀರಾ? ಅನುಮೋದನೆ ಇಲ್ಲದ ವರ್ಷಗಳು ಮುಂದೆ ಅನುಭವಕ್ಕೆ ಲೆಕ್ಕವಾಗದೆ ಕೈಕೊಡುತ್ತವೆ. ಅರೆಕಾಲಿಕ ಪಿಎಚ್‌ಡಿಗೆ ಎನ್‌ಒಸಿ ಕೊಡುತ್ತೀರಾ? ಹೀಗೆ ಕೇಳಿದರೆ ಏನಂದುಕೊಳ್ಳುತ್ತಾರೋ ಎಂಬ ಸಂಕೋಚ ಬೇಡ. ಲಾ ಓದಿದವರು ಪ್ರಶ್ನೆ ಕೇಳಿದ್ದಕ್ಕೆ ಮುನಿಸಿಕೊಳ್ಳುವ ಕಾಲೇಜು ಎಂಥದ್ದು ಅಂತ ಅಲ್ಲೇ ಗೊತ್ತಾಗುತ್ತದೆ.

ಹೊರಡುವ ಮೊದಲು ‘ಲೈಬ್ರರಿ ನೋಡಬಹುದಾ?’ ಎಂದು ಕೇಳಿ. ಸೀದಾ ಕ್ರಿಮಿನಲ್ ಲಾ ಕಪಾಟಿಗೆ ಹೋಗಿ. ನ್ಯಾಯ ಸಂಹಿತೆಯ ಪುಸ್ತಕಗಳು ಬಂದಿವೆಯಾ, ಹಳೆಯ ಐಪಿಸಿಯೇ ಧೂಳು ಹಿಡಿದು ಕೂತಿದೆಯಾ ನೋಡಿ. ಬಂದಿದ್ದರೆ ಒಂದನ್ನು ತೆಗೆದು ಹಿಂದಿನ ಪುಟದ ಚೀಟಿಯಲ್ಲಿ ಎಷ್ಟು ತಾರೀಕಿನ ಮುದ್ರೆ ಬಿದ್ದಿದೆ ಅಂತ ಎಣಿಸಿ.